ಪರವೂರಿನ ಗುಂಡಿ, ಮಾಲೆಯ ಮತಪೆಟ್ಟಿಗೆ

ಕೊಚ್ಚಿಯ ಹೈಕೋರ್ಟ್ ಜಂಕ್ಷನ್ನಿನಲ್ಲಿ ವೈಪಿನ್ ಮೇಲೆ ಹಾದುಹೋಗುವ ಬಸ್ಸು ಹತ್ತಿದರೆ ಕಂಡಕ್ಟರು ಕೇಳುವ ಮೊದಲ ಪ್ರಶ್ನೆ, "ಚೆರಾಯಿಗಾ?" ಹೊರಗಿನವರು ಈ ದಾರಿ ಹಿಡಿಯುವುದು ಅಲ್ಲಿನ ಕಡಲ ದಂಡೆಗೇ. ನಾನು "ಪರವೂರ್" ಎಂದೆ. ಆತ ಮತ್ತೇನೂ ಕೇಳದೆ ಟಿಕೆಟ್ ಹರಿದುಕೊಟ್ಟ. ಗೋಶ್ರೀ ಸೇತುವೆಗಳ ಮೇಲೆ ಹಿನ್ನೀರು ದಾಟಿ ಬಸ್ಸು ವೈಪಿನ್ನಿನ ಇಕ್ಕಟ್ಟಾದ ರಸ್ತೆಗೆ ಇಳಿಯಿತು. ಇಗರ್ಜಿ, ಮೀನಿನಂಗಡಿ, ಪಕ್ಷಗಳ ಬಾವುಟ, ಮತ್ತೆ ಇಗರ್ಜಿ.

ಉತ್ತರ ಪರವೂರಿಗೆ ಪ್ರವಾಸಿಗರು ಬರುವುದು ಹಳೆಯ ಯಹೂದಿ ಸಿನಗಾಗ್ ನೋಡಲು. ನನ್ನನ್ನು ಕರೆತಂದದ್ದು 1982ರ ಮೇ 19. ಭಾರತದ ಚುನಾವಣೆಯೊಂದರಲ್ಲಿ ಮೊದಲ ಬಾರಿಗೆ ಮತಯಂತ್ರದ ಗುಂಡಿ ಒತ್ತಿದ್ದು ಅಂದು, ಈ ವಿಧಾನಸಭಾ ಕ್ಷೇತ್ರದಲ್ಲಿ. 84 ಮತಗಟ್ಟೆಗಳ ಪೈಕಿ 50ರಲ್ಲಿ ಯಂತ್ರ ಇಟ್ಟಿದ್ದರು, ಉಳಿದೆಡೆ ಮಾಮೂಲಿ ಮತಪತ್ರ. ಊರೆಲ್ಲ ಅಡ್ಡಾಡಿದೆ. ಸಿನಗಾಗಿಗೆ ದಾರಿ ತೋರಿಸುವ ಫಲಕಗಳು ಕಂಡವು, ಮತಯಂತ್ರವನ್ನು ನೆನಪಿಸುವ ಒಂದು ಫಲಕವೂ ಕಣ್ಣಿಗೆ ಬೀಳಲಿಲ್ಲ.

ಚಹಾದಂಗಡಿಯಲ್ಲಿ ನಿವೃತ್ತ ಮೇಷ್ಟರೊಬ್ಬರು ಸಿಕ್ಕರು. ಚುನಾವಣಾ ಕರ್ತವ್ಯ ಮಾಡಿ ಮಾಡಿ ಸವೆದವರು. ಮೈಸೂರಿನಿಂದ ಬಂದೆ ಎಂದದ್ದೇ ತಡ, ಎಡಗೈಯ ತೋರುಬೆರಳು ಎತ್ತಿ ನಕ್ಕರು: "ಶಾಯಿಯ ಊರು!"

"ಹೌದು ಮಾಷೇ. ನೀವು ಯಂತ್ರದ ಊರಿನವರು" ಎಂದೆ.

"ಒಂದೇ ಚುನಾವಣೆಗೆ ಎರಡು ಸಲ ವೋಟು ಹಾಕಿದೋರು ನಾವು, ಸಾರೇ. ಎರಡು ಸಲ ಇಬ್ಬರು ಗೆದ್ದರು" ಎಂದರು ಅವರು, ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ.

ಅವರು ಹೇಳಿದ ಕಥೆಗೆ ಕೋರ್ಟಿನ ದಾಖಲೆಯೇ ಸಾಕ್ಷಿ. ಸಿಪಿಐನ ಶಿವನ್ ಪಿಳ್ಳೆ ಯಂತ್ರದ ವಿರುದ್ಧ ಮತದಾನಕ್ಕೆ ಮೊದಲೇ ಹೈಕೋರ್ಟಿಗೆ ಹೋದರು. ಮತದಾನ ನಿಲ್ಲಲಿಲ್ಲ. ಎಣಿಸಿದಾಗ ಗೆದ್ದವರು ಅವರೇ, 123 ಮತಗಳಿಂದ! ಸೋತವರು ಕಾಂಗ್ರೆಸ್ಸಿನ ಎ.ಸಿ. ಜೋಸ್, ಅದೇ ವರ್ಷ ಕೇರಳ ವಿಧಾನಸಭೆಯ ಸ್ಪೀಕರ್ ಆಗಿದ್ದವರು. ಈಗ ಯಂತ್ರವನ್ನು ಪ್ರಶ್ನಿಸುವ ಸರದಿ ಅವರದಾಯಿತು. 1984ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಕಾನೂನಿನಲ್ಲಿರುವುದು ಮತಪತ್ರ, ಕಾನೂನು ಬದಲಾಯಿಸದೆ ಚುನಾವಣಾ ಆಯೋಗ ತನ್ನಷ್ಟಕ್ಕೆ ಯಂತ್ರ ತರುವಂತಿಲ್ಲ. ಆ 50 ಮತಗಟ್ಟೆಗಳಲ್ಲಿ ಕಾಗದದ ಮೇಲೆ ಮರುಮತದಾನವಾಯಿತು, ಜೋಸ್ ಗೆದ್ದರು. ಸಂಸತ್ತು ಕಾನೂನು ತಿದ್ದಿದ್ದು 1988ರಲ್ಲಿ. ಯಂತ್ರ ಚೆನ್ನಾಗಿದ್ದರೆ ಸಾಲದು, ಅದನ್ನು ಯಾರ ಅಪ್ಪಣೆಯ ಮೇಲೆ ಇಟ್ಟರು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಪರವೂರು ಕಲಿಸಿದ ಈ ಪಾಠ ಎಷ್ಟು ಪಠ್ಯಪುಸ್ತಕಗಳಲ್ಲಿದೆಯೋ!

ಮುಂದೆ ಈ ಯಂತ್ರ ಸಮುದ್ರವನ್ನೂ ದಾಟಿತು. 2014ರ ನವೆಂಬರಿನಲ್ಲಿ ನಮೀಬಿಯಾ ತನ್ನ ಅಧ್ಯಕ್ಷರನ್ನು ಆರಿಸಿದ್ದು ಬೆಂಗಳೂರಿನ ಬಿಇಎಲ್ ತಯಾರಿಸಿದ ಯಂತ್ರಗಳಲ್ಲಿ.

ಪರವೂರಿನಿಂದ ನಾನು ಹೊರಟದ್ದು ತಿರುವನಂತಪುರಕ್ಕೆ, ಇನ್ನೊಂದು ದೇಶದ ಮತಪೆಟ್ಟಿಗೆಯ ಕಥೆ ಹುಡುಕಿಕೊಂಡು. ಎರ್ನಾಕುಲಂನಿಂದ ಹೊರಡುವ ಆ ರೈಲಿನಲ್ಲಿ ಕೊಲ್ಲಂ ದಾಟಿದ ಮೇಲೆ ಇನ್ನೊಂದು ಪರವೂರ್ ಸ್ಟೇಷನ್ ಬರುತ್ತದೆ. ಹೆಸರು ನಂಬಿ ಇಲ್ಲಿ ಇಳಿದರೆ ಯಂತ್ರದ ಊರು ನೂರಕ್ಕೂ ಹೆಚ್ಚು ಕಿಲೋಮೀಟರ್ ಹಿಂದೆ ಉಳಿದಿರುತ್ತದೆ.

ತಿರುವನಂತಪುರದ ಮೆಡಿಕಲ್ ಕಾಲೇಜು, ಕುಮಾರಪುರಂ ಕಡೆ ನಡೆದರೆ ಮಾಲ್ಡೀವ್ಸ್‌ನವರು ಎದುರಾಗುತ್ತಾರೆ. ಕ್ಯಾನ್ಸರ್ ಕೇಂದ್ರಕ್ಕೆ, ಶ್ರೀ ಚಿತ್ರಾ ಸಂಸ್ಥೆಗೆ ಚಿಕಿತ್ಸೆಗೆ ಬಂದವರು, ಜೊತೆಗೆ ಬಂದ ಮನೆಮಂದಿ, ಓದುವ ಹುಡುಗರು. ಫಾರ್ಮಸಿಯೊಂದರ ಮುಂದೆ ತಾಯಿಯ ಔಷಧಿಗೆ ಕಾಯುತ್ತಿದ್ದ ಯುವಕನೊಬ್ಬನನ್ನು ಊರಿನ ರಾಜಕೀಯ ಹೇಗಿದೆ ಎಂದು ಕೇಳಿದೆ. "ಮನೆಯಲ್ಲಿ ಆಸ್ಪತ್ರೆ ಬಿಟ್ಟರೆ ಅದೊಂದೇ ಮಾತು, ಅಂಕಲ್" ಎಂದ.

ಮಾಲೆ ರಾಜಧಾನಿಯಾಗಿರುವ ಇವರ ದೇಶದ ಸಂಸತ್ ಚುನಾವಣೆ ನಡೆದ 2024ರ ಏಪ್ರಿಲ್ 21ರಂದು, ಕೊಲಂಬೊ ಮತ್ತು ಕೌಲಾಲಂಪುರದ ಜೊತೆಗೆ ಈ ನಗರದಲ್ಲೂ ಮತಪೆಟ್ಟಿಗೆ ಇತ್ತು. ಐದು ದಿನಗಳಾದ ಮೇಲೆ, 26ಕ್ಕೆ, ಕೇರಳ ಲೋಕಸಭೆಗೆ ಮತ ಹಾಕಿತು. ಒಂದೇ ಊರು, ಒಂದೇ ವಾರ, ಎರಡು ದೇಶಗಳ ಚುನಾವಣೆ.

ಅದರ ಹಿನ್ನೆಲೆಯನ್ನೂ ನೋಡಬೇಕು. 2023ರಲ್ಲಿ ಮುಯಿಝು ಮಾಲ್ಡೀವ್ಸ್‌ನ ಅಧ್ಯಕ್ಷರಾದದ್ದೇ ಭಾರತದ ಸೈನಿಕರನ್ನು ವಾಪಸು ಕಳಿಸುತ್ತೇನೆಂಬ ಮಾತಿನ ಮೇಲೆ. 2024ರ ಏಪ್ರಿಲ್‌ನಲ್ಲಿ ಅವರ ಪಕ್ಷಕ್ಕೆ ಸಂಸತ್ತಿನಲ್ಲೂ ಭಾರಿ ಬಹುಮತ ಬಂತು. ಭಾರತ ಹೊರಹೋಗಲಿ ಎನ್ನುವವರಿಗೂ, ಇರಲಿ ಎನ್ನುವವರಿಗೂ ಭಾರತದ ನೆಲದಲ್ಲೇ ಮತ ಹಾಕಲು ಜಾಗವಿತ್ತು. ಬೇರೆ ದೇಶದ ಚುನಾವಣೆಗೆ ನೆರವಾಗುವುದೆಂದರೆ ಇದು ಎಂದು ನನಗನ್ನಿಸುತ್ತದೆ. ಉಪದೇಶ ಮಾಡಿ ಬರುವುದಕ್ಕಿಂತ, ಗೆಲ್ಲಿಸಬೇಕಾದವರ ಪಟ್ಟಿ ಜೇಬಿನಲ್ಲಿಟ್ಟುಕೊಂಡು ಹೋಗುವುದಕ್ಕಿಂತ ಎಷ್ಟೋ ವಾಸಿ. ವೀಕ್ಷಕರಿಗೂ ಮಿತಿಯಿದೆ. 2013ರ ಸೆಪ್ಟೆಂಬರಿನಲ್ಲಿ ನಮ್ಮ ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಮೊದಲಾದವರು ಮಾಲ್ಡೀವ್ಸ್‌ಗೆ ಹೋಗಿ ಮತದಾನ ನೋಡಿ ಮೆಚ್ಚಿ ಬಂದರು. ತಿಂಗಳಾದ ಮೇಲೆ ಅಲ್ಲಿನ ಸುಪ್ರೀಂ ಕೋರ್ಟ್ ಆ ಮತದಾನವನ್ನೇ ರದ್ದುಮಾಡಿತು!

ಅದಕ್ಕೇ ನನಗೆ ನಮ್ಮೂರಿನ ಶಾಯಿಯ ಮೇಲೆ ಅಭಿಮಾನ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು ಇಂದಿನ ಮೈಸೂರು ಪೇಂಟ್ಸ್. 1962ರ ಚುನಾವಣೆಯಿಂದ ದೇಶಕ್ಕೆ ಶಾಯಿ ಕೊಡುತ್ತಿದೆ. ಮಾಲ್ಡೀವ್ಸ್, ನೇಪಾಳ, ಘಾನಾ, ನೈಜೀರಿಯಾ ಸೇರಿ 25ಕ್ಕೂ ಹೆಚ್ಚು ದೇಶಗಳಿಗೆ ಹೋಗಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿದರೆ ಕಪ್ಪಾಗಿ ಚರ್ಮಕ್ಕೆ ಅಂಟುತ್ತದೆ. ಒಬ್ಬರಿಗೆ ಒಂದೇ ಮತ ಎನ್ನುತ್ತದೆ, ಯಾರಿಗೆ ಎಂದು ಕೇಳುವುದಿಲ್ಲ.

ಇಷ್ಟೆಲ್ಲ ಮಾಡುವ ನಾವು ನಮ್ಮವರಿಗೆ ಮಾತ್ರ ಜಿಪುಣರು. ವಿದೇಶದಲ್ಲಿರುವ ಭಾರತದ ಪ್ರಜೆ ಮತದಾರರ ಪಟ್ಟಿಗೆ ಸೇರಬಹುದು, ಆದರೆ ಮತ ಹಾಕಲು ವಿಮಾನದ ಖರ್ಚು ಹಾಕಿಕೊಂಡು ತನ್ನೂರಿನ ಮತಗಟ್ಟೆಗೇ ಬರಬೇಕು. 2024ರಲ್ಲಿ ಹೀಗೆ ನೋಂದಾಯಿಸಿಕೊಂಡಿದ್ದ ಸುಮಾರು 1.19 ಲಕ್ಷ ಜನರಲ್ಲಿ 89 ಸಾವಿರಕ್ಕೂ ಹೆಚ್ಚು ಮಂದಿ ಕೇರಳದವರು. ದೇಶದಾದ್ಯಂತ ಬಂದು ಮತ ಹಾಕಿದವರು ಮೂರು ಸಾವಿರಕ್ಕೂ ಕಡಿಮೆ. ಬದಲಿ ವ್ಯಕ್ತಿಯ ಮೂಲಕ ಮತ ಹಾಕಲು ಬಿಡುವ ಮಸೂದೆ 2018ರಲ್ಲಿ ಲೋಕಸಭೆ ದಾಟಿ, ಮುಂದಿನ ವರ್ಷ ಬಿದ್ದುಹೋಯಿತು. ಮಾಲೆಯ ಪೆಟ್ಟಿಗೆಗೆ ತಿರುವನಂತಪುರದಲ್ಲಿ ಜಾಗವಿದ್ದರೆ, ನಮ್ಮ ಪೆಟ್ಟಿಗೆಗೆ ದುಬೈಯಲ್ಲೂ ದೋಹಾದಲ್ಲೂ ಜಾಗ ಕೇಳಲು ನಮ್ಮ ಚುನಾವಣಾ ಆಯೋಗ ಇನ್ನು ತಡಮಾಡಬಾರದು.