ಕುರ್ಚಿಗೂ ಬೆಂಚಿಗೂ ನಡುವೆ

ಮಡಕಶಿರಾದಿಂದ ಬಡಗಣಕ್ಕೆ ಹೊರಟರೆ ಪಾವಗಡ, ತೆಂಕಣಕ್ಕೆ ಮಧುಗಿರಿ, ಪಡುವಣಕ್ಕೆ ಶಿರಾ. ಮೂರೂ ಕಡೆ ಕರ್ನಾಟಕವೇ. ಊರು ಮಾತ್ರ ಆಂಧ್ರದ್ದು. ಇದೇ ಸೀಮೆಯ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿನ ಕಲ್ಲುಗಳು ಇಂದಿಗೂ ಕನ್ನಡದಲ್ಲಿಯೇ ಮಾತಾಡುತ್ತವೆ. ಇನ್ನು ರಾಯದುರ್ಗ, ಬೆಟ್ಟದ ಕೋಟೆಯ ಊರು. ಬಳ್ಳಾರಿಯೊಂದಿಗೆ ಅದರ ನಂಟು ಬಹಳ ಹಳೆಯದು. 2022ರಲ್ಲಿ ಜಿಲ್ಲೆಗಳ ಮರುವಿಂಗಡಣೆಯಾದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಮನೆಯೊಳಗಿನ ಮಾತು ಮಾತ್ರ ಯಾವ ಆದೇಶಕ್ಕೂ ಕಾಯದೆ ತನ್ನ ಪಾಡಿಗೆ ನಡೆದುಬಂದಿದೆ.

ಈ ಎರಡು ಊರುಗಳಿಗೂ ಸರ್ಕಾರಿ ನೇಮಕಾತಿಯ ಚರಿತ್ರೆಗೂ ಒಂದು ಸಂಬಂಧವಿದೆ. ಭಾರತದ ಪ್ರಾಂತಗಳಲ್ಲಿ ಮೊತ್ತಮೊದಲು ಸ್ವಂತ ಸೇವಾ ಆಯೋಗವನ್ನು ಪಡೆದದ್ದು ಮದ್ರಾಸ್, 1929ರಲ್ಲಿ. ಬಳ್ಳಾರಿ ಜಿಲ್ಲೆಯ ರಾಯದುರ್ಗ, ಅನಂತಪುರ ಜಿಲ್ಲೆಯ ಮಡಕಶಿರಾ ಎರಡೂ ಆಗ ಮದ್ರಾಸಿಗೆ ಸೇರಿದ್ದವು. ಮೈಸೂರಿನಲ್ಲಿ ಸಂವಿಧಾನದ ಅಡಿಯಲ್ಲಿ ಲೋಕಸೇವಾ ಆಯೋಗ ಆರಂಭವಾದುದು 1951ರಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಉಳಿದವು ಮೈಸೂರಿಗೆ ಬಂದವು. ಅಂದಿನಿಂದ ರಾಯದುರ್ಗದ ತರುಣನಿಗೆ ಒಂದು ಆಯೋಗ, ಬಳ್ಳಾರಿಯಲ್ಲಿರುವ ಅವನ ಸೋದರಮಾವನ ಮಗನಿಗೆ ಇನ್ನೊಂದು ಆಯೋಗ. ‘ಲೋಕಸೇವಾ ಆಯೋಗ’ ಎಂಬ ಹೆಸರು ಕನ್ನಡಕ್ಕೂ ಮರಾಠಿಗೂ ಸಮಾನ. ಲೋಕದ ಸೇವೆ ಎಂಬ ಆ ಮಾತಿನೊಳಗೆ ಗಡಿಯ ಲೋಕಕ್ಕೆ ಎಷ್ಟು ಸ್ಥಳವಿದೆ ಎಂಬ ಪ್ರಶ್ನೆ ಅಕ್ಕಲಕೋಟೆ, ಜತ್ತಗಳ ಕನ್ನಡಿಗರದೂ ಹೌದು.

ಗಡಿಯ ಅಭ್ಯರ್ಥಿಯ ಮುಂದೆ ಎರಡು ಬಾಗಿಲುಗಳಿವೆ. ಆಂಧ್ರದ ಪರೀಕ್ಷೆ ತೆಲುಗು, ಇಂಗ್ಲಿಷುಗಳಲ್ಲಿ ನಡೆಯುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತವರಿಗೆ ಎರಡೂ ಎರವಲು ಭಾಷೆಗಳೇ. ಕರ್ನಾಟಕದ ಪರೀಕ್ಷೆ ಕನ್ನಡದಲ್ಲಿದೆ. ವಾಸಸ್ಥಳದ ಕಾರಣಕ್ಕೆ ಸರ್ಕಾರಿ ಉದ್ಯೋಗದಲ್ಲಿ ಭೇದವೆಣಿಸಬಾರದೆಂದು ಸಂವಿಧಾನದ 16ನೆಯ ವಿಧಿ ಹೇಳುವುದರಿಂದ ಅರ್ಜಿ ಹಾಕಲು ಅಡ್ಡಿಯೂ ಇಲ್ಲ. ಆದರೆ ಒಂದು ರಾಜ್ಯದ ಮೀಸಲಾತಿ ಇನ್ನೊಂದು ರಾಜ್ಯದ ನೇಮಕಾತಿಯಲ್ಲಿ ಸಾಮಾನ್ಯವಾಗಿ ದೊರೆಯುವುದಿಲ್ಲ. ಮಡಕಶಿರಾದ ದಲಿತ ಹುಡುಗಿಯೊಬ್ಬಳಿಗೆ ಮೀಸಲಾತಿ ಇರುವಲ್ಲಿ ಭಾಷೆ ಇಲ್ಲ, ಭಾಷೆ ಇರುವಲ್ಲಿ ಮೀಸಲಾತಿ ಇಲ್ಲ. ಅವಳಿಗೆ ಉಳಿಯುವ ಆಸರೆ ಒಂದೇ: ಪ್ರಶ್ನೆಪತ್ರಿಕೆಯ ಕನ್ನಡ.

ಆ ಪತ್ರಿಕೆಗೆ ಅಂತಿಮವಾಗಿ ಉತ್ತರದಾಯಿಯಾದವರು ಆಯೋಗದ ಅಧ್ಯಕ್ಷರು. ಅವರ ಕುರ್ಚಿಯನ್ನು ಸಂವಿಧಾನಕರ್ತರು ಎಷ್ಟು ಜತನದಿಂದ ಕಟ್ಟಿದ್ದಾರೆಂಬುದು 315ರಿಂದ 323ರವರೆಗಿನ ವಿಧಿಗಳನ್ನು ಓದಿದರೆ ತಿಳಿಯುತ್ತದೆ. ನೇಮಿಸುವವರು ರಾಜ್ಯಪಾಲರಾದರೂ ಅವರು ತೆಗೆದುಹಾಕುವಂತಿಲ್ಲ. ದುರ್ವರ್ತನೆಯ ಆರೋಪವಿದ್ದರೆ ಸುಪ್ರೀಂ ಕೋರ್ಟಿನ ವಿಚಾರಣೆಯ ಬಳಿಕ ರಾಷ್ಟ್ರಪತಿಗಳು ಮಾತ್ರ ತೆಗೆಯಬಲ್ಲರು. ಅವಧಿ ಆರು ವರ್ಷ, ಅಥವಾ 62 ವಯಸ್ಸು ತುಂಬುವವರೆಗೆ. ಸೇವಾ ಷರತ್ತುಗಳನ್ನು ನಡುವೆ ಅವರಿಗೆ ಹಾನಿಯಾಗುವಂತೆ ಬದಲಿಸುವ ಹಾಗಿಲ್ಲ. ಆಯೋಗದ ಖರ್ಚು ಸಂಚಿತ ನಿಧಿಯ ಮೇಲೆ ಬೀಳುವುದರಿಂದ ಅದು ಶಾಸನಸಭೆಯ ಮತಕ್ಕೆ ಕಾಯಬೇಕಿಲ್ಲ. ಆಯೋಗದ ಸಲಹೆಯನ್ನು ಸರ್ಕಾರ ಒಪ್ಪದಿದ್ದರೆ ಕಾರಣವನ್ನು ಸದನದ ಮುಂದಿಡಬೇಕು. ಇಷ್ಟೆಲ್ಲ ರಕ್ಷಣೆಗೆ ಪ್ರತಿಯಾಗಿ ಒಂದು ತ್ಯಾಗವನ್ನೂ ವಿಧಿಸಲಾಗಿದೆ: ಅಧಿಕಾರದಿಂದ ಇಳಿದ ಮೇಲೆ ಕೇಂದ್ರ ಆಯೋಗ ಅಥವಾ ಬೇರೊಂದು ರಾಜ್ಯದ ಆಯೋಗದ ಸ್ಥಾನವನ್ನು ಬಿಟ್ಟರೆ ಸರ್ಕಾರದ ಇನ್ನಾವ ಉದ್ಯೋಗವನ್ನೂ ಅಧ್ಯಕ್ಷರಾದವರು ಪಡೆಯುವಂತಿಲ್ಲ. ನಾಳೆಯ ಆಸೆಯಿಲ್ಲದವನಿಗೆ ಇಂದು ಅಂಜಿಕೆಯಿರಬಾರದೆಂಬುದು ಇದರ ಇಂಗಿತ.

ಇಂಥ ಕೋಟೆಯೂ ಬಿರುಕುಬಿಟ್ಟದ್ದನ್ನು ಕರ್ನಾಟಕ ಕಂಡಿದೆ. 2011ನೆಯ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಆಯ್ಕೆ ಸಿಐಡಿ ತನಿಖೆಗೆ ಗುರಿಯಾಯಿತು. ಸುಧಾರಣೆಗಾಗಿ 2013ರಲ್ಲಿ ಕೇಂದ್ರ ಆಯೋಗದ ನಿವೃತ್ತ ಅಧ್ಯಕ್ಷ ಪಿ.ಸಿ. ಹೋಟಾ ಅವರ ಸಮಿತಿ ನೇಮಕವಾಯಿತು. 2014ರಲ್ಲಿ ಸರ್ಕಾರ ಆಯ್ಕೆಪಟ್ಟಿಯನ್ನು ಹಿಂತೆಗೆದುಕೊಂಡಿತು. ವ್ಯಾಜ್ಯ ನ್ಯಾಯಮಂಡಳಿ, ನ್ಯಾಯಾಲಯಗಳನ್ನು ಸುತ್ತಿದ ಮೇಲೆ 2022ರಲ್ಲಿ ವಿಧಾನಮಂಡಲ ಕಾಯ್ದೆ ಮಾಡಿ ಆ ಆಯ್ಕೆಯನ್ನು ಊರ್ಜಿತಗೊಳಿಸಿತು. ಅರ್ಜಿ ಹಾಕಿದವರ ಯೌವನದ ಹನ್ನೊಂದು ವರ್ಷ ಅದರಲ್ಲಿ ಕಳೆದುಹೋಯಿತು.

ಆದರೆ ಅನ್ಯಾಯಕ್ಕೆ ಹಣವೇ ಬೇಕೆಂದಿಲ್ಲ, ದುರುದ್ದೇಶವೂ ಬೇಕಿಲ್ಲ. 2024ರ ಆಗಸ್ಟ್ 27ರಂದು ಕರ್ನಾಟಕ ಆಯೋಗ 384 ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಪತ್ರಿಕೆಯ ಕನ್ನಡ ಅನುವಾದ ಅನೇಕ ಕಡೆ ಅರ್ಥಗೆಟ್ಟಿತ್ತು. ಪ್ರತಿಭಟನೆಗಳ ಬಳಿಕ ಸರ್ಕಾರ ಮರುಪರೀಕ್ಷೆಗೆ ಸೂಚಿಸಿತು. ಡಿಸೆಂಬರ್ 29ರಂದು ಆ ಮರುಪರೀಕ್ಷೆ ನಡೆದಾಗ ಕನ್ನಡದಲ್ಲಿ ಮತ್ತೆ ತಪ್ಪುಗಳಿದ್ದವು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಿದು. ಎರಡು ಪಾಠಗಳಲ್ಲಿ ವ್ಯತ್ಯಾಸವಿದ್ದರೆ ಇಂಗ್ಲಿಷೇ ಅಂತಿಮವೆಂಬ ಸೂಚನೆಯೂ ಇಂಥ ಪರೀಕ್ಷೆಗಳಲ್ಲಿ ವಾಡಿಕೆ. ಅಂದರೆ ಕನ್ನಡವನ್ನು ನಂಬಿದವರು ನಂಬಿದ್ದಕ್ಕೇ ದಂಡ ತೆರಬೇಕು.

ಪರೀಕ್ಷೆ ಮುಗಿಸಿ ರಾತ್ರಿ ಬಸ್ಸಿಳಿದ ಮಗಳನ್ನು ಅಪ್ಪ, “ಹೆಂಗಾತಮ್ಮಾ?” ಎಂದು ಕೇಳುತ್ತಾನೆ ಎಂದು ಭಾವಿಸಬಹುದು. “ಕನ್ನಡದಾಗೆ ಇರೋದು ತಿಳೀಲಿಲ್ಲಪ್ಪ. ಇಂಗ್ಲಿಷ್ ಓದ್ಕೊಂಡು ಬರೆದೆ” ಎಂದು ಅವಳೆಂದರೆ ಅವನಿಗೆ ಆಶ್ಚರ್ಯವಾಗುತ್ತದೆ. ತೆಲುಗು ಶಾಲೆಗೆ ಕಳಿಸೆಂದು ಊರೆಲ್ಲ ಹೇಳಿದರೂ ಕೇಳದೆ ಮಗಳನ್ನು ಕನ್ನಡ ಶಾಲೆಗೆ ಸೇರಿಸಿದವನು ಅವನು.

ಇಲ್ಲೊಂದು ತೊಡಕಿದೆ; ಅದನ್ನು ಮರೆತು ಅಧ್ಯಕ್ಷರನ್ನು ದೂರುವುದು ಸುಲಭ. ಪತ್ರಿಕೆ ಸೋರಬಾರದೆಂದರೆ ಅದನ್ನು ನೋಡುವ ಕಣ್ಣುಗಳು ಕಡಿಮೆಯಿರಬೇಕು. ತಪ್ಪು ಉಳಿಯಬಾರದೆಂದರೆ ಹೆಚ್ಚಿರಬೇಕು. ಗೋಪ್ಯತೆಯೂ ನ್ಯಾಯವೇ, ಶುದ್ಧಿಯೂ ನ್ಯಾಯವೇ. ಈ ಎರಡರ ನಡುವೆ ದಾರಿ ಹುಡುಕುವುದೇ ಉದ್ಯೋಗ ಸೌಧದ ಆ ಕುರ್ಚಿಯ ನಿಜವಾದ ಕೆಲಸ. ದಾರಿ ಇಲ್ಲವೆಂದಲ್ಲ. ಪ್ರಶ್ನೆ ಮೊದಲು ಕನ್ನಡದಲ್ಲಿ ಹುಟ್ಟಿ ಆಮೇಲೆ ಇಂಗ್ಲಿಷಿಗೆ ಹೋಗಲಿ. ಇದರಿಂದ ಕಣ್ಣುಗಳ ಸಂಖ್ಯೆ ಹೆಚ್ಚುವುದಿಲ್ಲ, ಕ್ರಮವಷ್ಟೇ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಆಲೋಚಿಸಿದ್ದನ್ನು ಪದಕ್ಕೆ ಪದವಿಟ್ಟು ತಂದಾಗ ಕೆಡುವುದು ಕನ್ನಡ. ಕನ್ನಡದಲ್ಲಿ ಆಲೋಚಿಸಿದ್ದು ಕೆಡಲು ಕಾರಣವಿಲ್ಲ. ಸಂದೇಹ ಬಂದರೆ ಮೂಲವೇ ಅಂತಿಮವಾಗಬೇಕು, ಆ ಮೂಲ ಕನ್ನಡವಾಗಿರಬೇಕು. ವಿಷಯವನ್ನೂ ಭಾಷೆಯನ್ನೂ ಬಲ್ಲ ಅಧ್ಯಾಪಕರನ್ನು ಸಿದ್ಧಗೊಳಿಸುವ ಹೊಣೆ ಮಾತ್ರ ಆಯೋಗದ್ದಲ್ಲ, ಕನ್ನಡ ವಿಭಾಗಗಳದು.

ಸಂವಿಧಾನ ಅಧ್ಯಕ್ಷರ ಸುತ್ತ ಎತ್ತಿದ ಗೋಡೆಗಳೆಲ್ಲ ಅವರನ್ನು ಸರ್ಕಾರದಿಂದ ಕಾಯುತ್ತವೆ. ಅಧ್ಯಕ್ಷರ ಅಜಾಗರೂಕತೆಯಿಂದ ಅಭ್ಯರ್ಥಿಯನ್ನು ಕಾಯುವ ಗೋಡೆ ಯಾವ ವಿಧಿಯಲ್ಲಿಯೂ ಇಲ್ಲ. ಅದನ್ನು ಆ ಸ್ಥಾನದಲ್ಲಿ ಕುಳಿತವರೇ ತಮ್ಮ ಕೈಯಾರೆ ಕಟ್ಟಬೇಕು.

ಮುಂದಿನ ಅಧಿಸೂಚನೆ ಬಂದಾಗ ಆ ಹುಡುಗಿ ಮತ್ತೆ ಅರ್ಜಿ ಹಾಕುತ್ತಾಳೆ. ಶಿರಾ ದಾರಿಯ ಬಸ್ಸು ಹಿಡಿಯುತ್ತಾಳೆ. ಪತ್ರಿಕೆ ಕೈಗೆ ಬಂದೊಡನೆ, ವಯೋಮಿತಿ ಮೀರುವವರೆಗೂ, ಮೊದಲು ಓದುವುದು ಕನ್ನಡವನ್ನೇ.