ಶೇಂಗಾ ಹಿಟ್ಟು: ಮೊದಲ ಹಸನ ಮಾಡ್ಕೋರಿ

ಮೊನ್ನೆ ತಂಗಿ ಮಗಳು ಬೆಂಗಳೂರಿಂದ ಫೋನ್ ಮಾಡಿದ್ಲು. "ದೊಡ್ಡವ್ವ, ಶೇಂಗಾ ಹಿಟ್ಟು ಮಾಡಾಕ ಹೋಗಿದ್ನಿ, ಮಿಕ್ಸರ್‌ನ್ಯಾಗ ಅಂಟಂಟ ಮುದ್ದಿ ಆಗಿ ಕುಂತೈತಿ. ನಿಮ್ಮ ಮನ್ಯಾಗ ಹೆಂಗ ಉದುರುದುರು ಆಗ್ತೈತಿ?" ಅಂದ್ಲು. ಆಕಿಗೆ ಹೇಳಿದ್ದನ್ನ ಇಲ್ಲಿ ಬರದೇನಿ. ಆಕಿಗೆ ಹೇಳದ ಒಂದು ಮಾತೂ ಐತಿ, ಅದನ್ನೂ ಬರದೇನಿ.

ನಮ್ಮ ಕಡೆ ಶೇಂಗಾ ಹಿಟ್ಟಿನ ಡಬ್ಬಿ ಇಲ್ಲದ ಅಡಗಿ ಮನಿ ಸಿಗೂದು ಕಡಿಮಿ. ಬದನಿಕಾಯಿ ಎಣಗಾಯಿಗೆ ಅದ ಬೇಕು, ಡೊಣ್ಣಮೆಣಸಿನಕಾಯಿ ಪಲ್ಯಕ್ಕ ಅದ ಬೇಕು. ಏಕಾದಶಿ ದಿನ ಸಾಬೂದಾಣಿ ಖಿಚಡಿಗೆ, ಎಳ್ಳಮವಾಸಿಗೆ ಶೇಂಗಾ ಹೋಳಿಗಿಗೆ, ಪಂಚಮಿಗೆ ಉಂಡಿಗೆ. ಸಂಜಿಮುಂದ ಯಾರರೆ ಬಂದ್ರ ಸವತಿಕಾಯಿ ಹೆಚ್ಚಿ, ಉಪ್ಪು, ಲಿಂಬಿಹಣ್ಣು, ಎರಡು ಚಮಚ ಶೇಂಗಾ ಹಿಟ್ಟು ಹಾಕಿ ಕಲಿಸಿದ್ರ ಮುಗೀತು, ಕೋಸಂಬರಿ ತಯಾರ.

ಹುರಿಯೂದು ಹಿಂಗ. ಒಮ್ಮೆಲೆ ಬಾಳ ಹಾಕಬ್ಯಾಡ್ರಿ, ಅರ್ಧ ಕೆಜಿ ಸಾಕು. ದಪ್ಪ ತಳದ ಕಡಾಯಿ, ಸಣ್ಣ ಉರಿ, ಕೈ ಬಿಡದಂಗ ಆಡಿಸ್ಬೇಕು. ಉರಿ ದೊಡ್ಡದಾತಂದ್ರ ಮ್ಯಾಲಿನ ಸಿಪ್ಪಿ ಕರ್ರಗ ಆಗಿ ಒಳಗ ಹಸಿ ಉಳೀತೈತಿ. ಚಟಚಟ ಸಪ್ಪಳ ಆಗಿ, ಒಂದು ಕಾಳು ತಿಕ್ಕಿದ ಕೂಡ್ಲೆ ಸಿಪ್ಪಿ ಬಿಟ್ರ ಗ್ಯಾಸ್ ಆರಸ್ರಿ. ಕಡಾಯಿಯೊಳಗ ಬಿಡಬ್ಯಾಡ್ರಿ, ಆ ಕಾವಿಗೇ ಇನ್ನೂ ಹುರೀತೈತಿ. ಅರಬಿ ಮ್ಯಾಲ ಹರವಿ ಬಿಡ್ರಿ.

ನಮ್ಮ ಹುಡುಗಿ ತಪ್ಪಿದ್ದು ಇಲ್ಲೇ. ಬಿಸಿ ಇದ್ದಾಗ ಮಿಕ್ಸರ್‌ಗೆ ಹಾಕ್ಯಾಳ. ಶೇಂಗಾದಾಗ ಹತ್ತತ್ರ ಅರ್ಧ ಎಣ್ಣಿನ ಇರ್ತೈತಿ. ಬಿಸಿಗೆ, ಅದರ ಮ್ಯಾಲ ಮಿಕ್ಸರ್‌ನ ಕಾವಿಗೆ ಎಣ್ಣಿ ಬಿಟ್ಟು ಮುದ್ದಿ ಆಗ್ತೈತಿ. ಪೂರ್ತಿ ತಣ್ಣಗಾದ ಮ್ಯಾಲ ತಿಕ್ಕಿ, ಮರದಾಗ ಕೇರಿ ಸಿಪ್ಪಿ ಹಾರಸ್ರಿ. ಜಾರ್ ಅರ್ಧಕ್ಕಿಂತ ಹೆಚ್ಚು ತುಂಬಬ್ಯಾಡ್ರಿ. ಎರಡು ಸೆಕೆಂಡ್ ತಿರುವಿ ನಿಲ್ಲಸ್ರಿ, ಚಮಚದಿಂದ ಕೆಳಗಿಂದ ಮ್ಯಾಲ ಮಾಡ್ರಿ, ಮತ್ತ ತಿರುವ್ರಿ. ಸ್ವಲ್ಪ ತರಿತರಿ ಇರಬೇಕು, ಗೋದಿ ಹಿಟ್ಟಿನಂಗ ಆಗೂದಿಲ್ಲ. ಅಂಗಡ್ಯಾಗ ಪಾಕೀಟಿನ್ಯಾಗ ಸಿಗೂ ನುಣ್ಣನ ಹಿಟ್ಟು ಎಣ್ಣಿ ಹಿಂಡಿ ತಗದದ್ದು, ಅದರ ಮಾತು ಬ್ಯಾರೆ. ನಮ್ಮ ಅತ್ತಿಯವರು ಒಳ್ಳಿನ್ಯಾಗ ಕುಟ್ಟತಿದ್ರು, ಆ ರುಚಿ ಮಿಕ್ಸರ್‌ಗೆ ಇನ್ನೂ ಬಂದಿಲ್ಲ. ಎಣ್ಣಿ ಇರೂದಕ್ಕ ಈ ಹಿಟ್ಟು ಲಗೂನ ಕಮಟ ಆಗ್ತೈತಿ. ಹದಿನೈದು ದಿನಕ್ಕ ಆಗೂವಷ್ಟ ಮಾಡ್ರಿ, ಬಿಗಿ ಮುಚ್ಚಳದ ಡಬ್ಬಿ, ಒಣಾ ಚಮಚ. ಬ್ಯಾಸಿಗ್ಯಾಗ ಫ್ರಿಜ್‌ನ್ಯಾಗ ಇಡ್ರಿ.

ಇನ್ನ ಹೇಳದ ಮಾತು. ಒಂದು ವರ್ಷ ಊರಿಂದ ಬಂದ ಶೇಂಗಾ ಚೀಲ ದಾರ್ಯಾಗ ಮಳಿಗೆ ಸಿಕ್ಕಿತ್ತು. ನಾನು ಬಿಚ್ಚಿ ನೋಡಲಿಲ್ಲ, ಮೂಲ್ಯಾಗ ನಿಲ್ಲಿಸಿ ಮರತ್ನಿ. ಎರಡು ತಿಂಗಳಿಗೆ ಬಿಚ್ಚಿದ್ರ ಮುಗ್ಗ ವಾಸನಿ. ಕೆಲವು ಕಾಳು ಸುಕ್ಕಾಗಿದ್ವು, ಕೆಲವಕ್ಕ ಹಸರು ಬೂಸ್ಟ ಬಂದಿತ್ತು. ಚೊಲೋವು ನಮಗಂತ ಆರಿಸಿ ಇಟ್ಕೊಂಡ್ನಿ. ಉಳಿದದ್ದು ಚೆಲ್ಲಾಕ ಜೀವ ಬರಲಿಲ್ಲ. ಮ್ಯಾಲಿನ ಬೂಸ್ಟ ಒರಸಿ, ಬಿಸಲಿಗೆ ಹಾಕಿ, ಭಾಂಡೆ ತಿಕ್ಕಾಕ ಬರೂ ಆಕಿಗೆ ಕೊಟ್ನಿ. "ಹುರಿದ್ರ ಎಲ್ಲಾ ಸರಿ ಆಗ್ತೈತಿ" ಅಂತ ಬ್ಯಾರೆ ಹೇಳಿದ್ನಿ.

ಮರುದಿನ ಆಕಿ ಚೀಲ ತಂದು ಕಟ್ಟಿ ಮ್ಯಾಲ ಇಟ್ಲು. "ಅಕ್ಕಾರ, ಕಹಿ ಅದಾವ್ರಿ. ಹುಡುಗ್ರು ಉಗುಳಿದ್ವು" ಅಂದ್ಲು. ಅಷ್ಟ. ಸಿಟ್ಟಿಲ್ಲ, ಏನಿಲ್ಲ. ಹೋಗಿ ಭಾಂಡೆ ತಿಕ್ಕಾಕ ಕುಂತ್ಲು. ನನಗ ಅವತ್ತು ಆಕಿ ಮುಂದ ಚಾ ಕಪ್ಪು ಇಡಾಕೂ ಕೈ ಬರಲಿಲ್ಲ. ನಮ್ಮ ಮನ್ಯಾಗ ತಿನ್ನಬಾರದು ಅಂತ ತಿಳದ ಬ್ಯಾರೆ ಮಾಡಿದ್ನೆಲ್ಲಾ.

ಆಮ್ಯಾಲ ಮಗ ಓದಿ ಹೇಳಿದ. ಆ ಬೂಸ್ಟಿನ್ಯಾಗ ಅಫ್ಲಾಟಾಕ್ಸಿನ್ ಅನ್ನೂ ವಿಷ ಆಗ್ತೈತಂತ, ಅದು ಲಿವರ್‌ಗೆ ಕೆಟ್ಟದ್ದು. ಹುರಿದ್ರೂ ಪೂರ್ತಿ ಹೋಗೂದಿಲ್ಲ, ಒರಸಿದ್ರೂ ಒಳಗ ಉಳೀತೈತಿ. ಎಮ್ಮಿಗೆ ಹಾಕೂಣು ಅಂದ್ರ ಹಾಲಿನ್ಯಾಗೂ ಬರ್ತೈತಿ. ನಾನು "ಚೊಲೋವು" ಅಂತ ಆರಿಸಿ ಇಟ್ಟಿದ್ದೂ ಅದ ಚೀಲದಾಗಿಂದು. ಎಲ್ಲಾ ಒಟ್ಟುಗೂಡಿಸಿ ಹಿತ್ತಲದಾಗ ತೆಗ್ಗು ತೋಡಿ ಮುಚ್ಚಿಬಿಟ್ವಿ.

ಅದಕ್ಕ ಹೇಳತೇನಿ, ಚೀಲ ಬಂದ ದಿನಾನ ಬಿಚ್ಚಿ ನೋಡ್ರಿ. ಹಸಿ ಅನಿಸಿದ್ರ ಅವತ್ತ ಬಿಸಲಿಗೆ ಹರವ್ರಿ. ಹುರಿಯೂಕಿಂತ ಮೊದಲ ಮರದಾಗ ಹಾಕಿ ಹಸನ ಮಾಡ್ರಿ. ಕರಿದು, ಸುಕ್ಕು, ಬೂಸ್ಟ ಬಂದದ್ದು ತಗದು ಚೆಲ್ರಿ. ಹಿಟ್ಟಾದ ಮ್ಯಾಲ ಯಾವ ಕಾಳು ಕೆಟ್ಟಿತ್ತು ಅಂತ ಯಾರಿಗೂ ಕಾಣೂದಿಲ್ಲ.

ಆಕಿ ಈಗೂ ನಮ್ಮ ಮನಿಗೆ ಬರ್ತಾಳ. ಹಿಟ್ಟು ಮಾಡಿದ ದಿನ ಎರಡು ಡಬ್ಬಿ ತುಂಬತೇನಿ, ಒಂದು ಆಕಿದು. ಎರಡೂ ಒಂದ ಮರದಾಗಿಂದು. ಹೋದ ಪಂಚಮಿಗೆ ಆ ಹಿಟ್ಟಿನ್ಯಾಗ ಉಂಡಿ ಕಟ್ಟಿ ನನಗ ನಾಕು ತಂದು ಕೊಟ್ಲು. ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು, ಆದ್ರ ನಾಕೂ ನಾನ ತಿಂದ್ನಿ.