ಬೆಕ್ಕು ಒಪ್ಪದ ಕಪಾಟು

ಪ್ಲೈವುಡ್ ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: "ಒಳಗೆ ಇಡ್ಲಿಕ್ಕಾ ಅಕ್ಕ, ಹೊರಗೆ ಇಡ್ಲಿಕ್ಕಾ?" ಒಳಗೆ ಅಂದೆ. ಚಾವಡಿಯ ಮೂಲೆ ಹೊರಗೆ ಆಗುವುದು ಹೇಗೆ? ಅವರು ಎಂ.ಆರ್. ದರ್ಜೆಯ ಹಲಗೆ ಕೊಟ್ಟರು, ದರ ಕೂಡ ಹಿತವಾಗಿತ್ತು. ನಮ್ಮದು ಪುತ್ತೂರಿನ ಕಡೆ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುವ ಸೀಮೆ. ಆಟಿ ತಿಂಗಳಿನಲ್ಲಿ ಕಪಾಟಿನೊಳಗಿನ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಉಪ್ಪಿನ ಡಬ್ಬದಲ್ಲಿ ನೀರು ನಿಲ್ಲುತ್ತದೆ, ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲೂ ಬಟ್ಟೆ ಒಣಗುವುದಿಲ್ಲ. ಅಂಥ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಆದರೂ ಒಳಗೆ ಎಂದೇ ಹೇಳಿದೆ.

ಎಂ.ಆರ್. ಅಂದರೆ ತೇವ ತಡೆಯುವ ದರ್ಜೆ ಎಂದರ್ಥ, ಹಾಗಾಗಿ ಹೆಸರು ಕೇಳಿದರೆ ಧೈರ್ಯ ಬರುತ್ತದೆ. ಅದರ ಪದರಗಳನ್ನು ಹಿಡಿದಿಡುವುದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಒಣಹವೆಯ ಊರಿನ ಮಲಗುವ ಕೋಣೆಗೆ ಅದು ಧಾರಾಳ ಸಾಕು. ಬಿ.ಡಬ್ಲ್ಯು.ಆರ್. ಎಂಬ ಇನ್ನೊಂದು ದರ್ಜೆಯಿದೆ, ಫಿನಾಲ್ ಅಂಟಿನದು, ಕುದಿಯುವ ನೀರಿನ ಪರೀಕ್ಷೆ ದಾಟಿ ಬಂದದ್ದು. ಎರಡರ ಮೇಲೂ ಐ.ಎಸ್. 303 ಎಂಬ ಮುದ್ರೆಯೇ ಇರುವುದರಿಂದ ಅದರ ಪಕ್ಕದ ಸಣ್ಣ ಅಕ್ಷರ ಓದಬೇಕು. ಮರೈನ್ ಪ್ಲೈ ಆದರೆ ಐ.ಎಸ್. 710. ನಾನು ಮುದ್ರೆ ನೋಡಿದೆ, ಅಕ್ಷರ ಓದಲಿಲ್ಲ.

ಕಪಾಟು ಬೇಕೆನಿಸಿದ್ದಕ್ಕೆ ಕಾರಣವಿತ್ತು. ನಾಯಿ ಬೊಗ್ಗನ ಆಹಾರದ ಚೀಲ ಅಕ್ಕಿ ಡ್ರಮ್ಮಿನ ಹಿಂದೆ, ಬೆಕ್ಕು ಚಿಂಟಿಯದ್ದು ಫ್ರಿಜ್ಜಿನ ಮೇಲೆ. ಸರಪಳಿ ಕಿಟಕಿಯ ಸರಳಿಗೆ, ಬಾಚಣಿಗೆ ದೇವರ ಕೋಣೆಯ ಹೊಸ್ತಿಲ ಪಕ್ಕ. ಹುಳದ ಮಾತ್ರೆ ನಮ್ಮ ಜ್ವರದ ಮಾತ್ರೆಯ ಜತೆಗೆ ಒಂದೇ ಡ್ರಾಯರಿನಲ್ಲಿ. ಒಂದು ರಾತ್ರಿ ಅತ್ತೆ ಕನ್ನಡಕ ಇಲ್ಲದೆ ಆ ಡ್ರಾಯರಿಗೆ ಕೈಹಾಕಿದ್ದನ್ನು ನೋಡಿ ಇನ್ನು ತಡ ಮಾಡಬಾರದು ಎನಿಸಿತು. ಅಪ್ಪನ ಗರಗಸ, ಕೀಸುಳಿ, ಮೂಲೆಮಟ್ಟ ನನ್ನ ಬಳಿ ಇವೆ, ಉಪಯೋಗಿಸಲೂ ಬರುತ್ತದೆ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬಿಡಿಸಿದೆ. ಗೋಡೆ ಅಳೆದೆ, ಕಿಟಕಿಯ ಎತ್ತರ ಅಳೆದೆ, ಪಕ್ಕದ ಶೋಕೇಸಿನ ತಲೆಗೆ ಸಮ ಬರುವಂತೆ ಐದಡಿ ಎಂದು ನಿಗದಿ ಮಾಡಿದೆ. ಒಳಗೆ ಹೋಗಬೇಕಾದ ಸಾಮಾನಿನ ಗುಣ ಏನು, ಅದು ಎಷ್ಟು ದಿನದಲ್ಲಿ ಖರ್ಚಾಗುತ್ತದೆ ಎಂಬ ಕಡೆಗೆ ಗಮನವೇ ಹೋಗಲಿಲ್ಲ.

ಕೆಳಗೆ ಮುಂದಕ್ಕೆ ವಾಲಿಸಿ ತೆರೆಯುವ ಎರಡು ದೊಡ್ಡ ಪೆಟ್ಟಿಗೆ, ನಾಯಿಗೊಂದು, ಬೆಕ್ಕಿಗೊಂದು. ಚೀಲ ಹರಿದು ಕಾಳನ್ನು ನೇರ ಸುರಿಯುವುದು, ಹಿತ್ತಾಳೆ ಸೌಟಿನಲ್ಲಿ ಅಳೆದು ತೆಗೆಯುವುದು. ನಡುವಿನ ಹಲಗೆಯಲ್ಲಿ ಟವೆಲು, ಬಾಚಣಿಗೆ, ಸರಪಳಿ. ಮೇಲಿನದರಲ್ಲಿ ಔಷಧ, ಶಾಂಪೂ, ಉಣ್ಣಿಗೆ ಹಾಕುವ ದ್ರಾವಣ. ಒಳಗೂ ಹೊರಗೂ ಹಸಿರು ಎನಾಮಲ್ ಬಣ್ಣ. ಜಿರಳೆ ಬಾರದಿರಲಿ ಎಂದು ಮೂಲೆಗೆ ನುಸಿಗುಳಿಗೆ. ಏಪ್ರಿಲ್ ತಿಂಗಳ ಮದುವೆ ಕಾಲದಲ್ಲಿ ಬಂದುಹೋದ ನೆಂಟರೆಲ್ಲ ಬಾಗಿಲು ತೆಗೆದು ನೋಡಿದರು, ಪೆಟ್ಟಿಗೆ ವಾಲಿಸಿ ನೋಡಿದರು, "ನೀನೇ ಮಾಡಿದ್ದಾ?" ಎಂದು ಕೇಳಿದರು. ನಾನು ಬೇಡವೆನ್ನದೆ ಎಲ್ಲರಿಗೂ ತೋರಿಸಿದೆ.

ಮೊದಲು ಒಪ್ಪದಿದ್ದವಳು ಚಿಂಟಿ. ಬಟ್ಟಲಿನ ಹತ್ತಿರ ಬಂದು ಮೂಸಿ, ಮುಂಗಾಲಿನಿಂದ ನೆಲ ಕೆರೆದು, ಹೊರಟುಹೋಗುತ್ತಿದ್ದಳು. ಬೆಕ್ಕಿನ ಸೊಕ್ಕು ಎಂದುಕೊಂಡು ಹಸಿವಾದರೆ ತಿಂದಾಳು ಎಂದು ಬಿಟ್ಟೆ. ಬೇರೆ ವಿಷಯಕ್ಕೆ ಫೋನು ಮಾಡಿದಾಗ ಪಶುವೈದ್ಯರಿಗೆ ಇದನ್ನೂ ಹೇಳಿದೆ. ಅವರ ದನಿ ಬದಲಾಯಿತು. ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಪಿತ್ತಜನಕಾಂಗದಲ್ಲಿ ಬಂದು ತುಂಬಿಕೊಳ್ಳಬಹುದು, ಅದು ಪ್ರಾಣಕ್ಕೇ ಬರುವ ಕಾಯಿಲೆ, ನಾಯಿಯ ಹಾಗೆ ಉಪವಾಸ ತಡೆಯುವ ಪ್ರಾಣಿ ಅದಲ್ಲ ಎಂದರು. ಆಹಾರ ಎಲ್ಲಿಟ್ಟಿದ್ದೀರಿ ಎಂದು ಕೇಳಿದರು. ಹೇಳಿದೆ. "ಹೊಸ ಪೇಂಟಿನ ಡಬ್ಬಿಯೊಳಗೆ ನುಸಿಗುಳಿಗೆ ಜತೆ ಇಟ್ಟ ಅವಲಕ್ಕಿ ನೀವು ತಿಂತೀರಾ?" ಎಂದರು.

ಎನಾಮಲ್ ಒಂದು ದಿನದಲ್ಲಿ ಕೈಗೆ ಅಂಟದಷ್ಟು ಒಣಗುತ್ತದೆ, ಆದರೆ ಮುಚ್ಚಿದ ಪೆಟ್ಟಿಗೆಯೊಳಗೆ ಅದರ ವಾಸನೆ ವಾರಗಟ್ಟಲೆ ನಿಲ್ಲುತ್ತದೆ. ಒಣ ಆಹಾರದ ಕಾಳನ್ನು ಯಂತ್ರದಲ್ಲಿ ಬೇಯಿಸಿ, ಒಣಗಿಸಿದ ಮೇಲೆ ಅದರ ಹೊರಮೈಗೆ ಕೊಬ್ಬು ಸಿಂಪಡಿಸುತ್ತಾರೆ, ಪ್ರಾಣಿಗಳಿಗೆ ರುಚಿ ಹತ್ತುವುದು ಅದರಿಂದಲೂ. ಕೊಬ್ಬು ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ನುಸಿಗುಳಿಗೆಯ ನ್ಯಾಫ್ತಲೀನಂತೂ ನಾಯಿಗೂ ಬೆಕ್ಕಿಗೂ ವಿಷ. ಅದನ್ನು ಆಗಲೇ ತೆಗೆದು ಎಸೆದೆ, ಚಿಂಟಿಗೆ ಹೊಸ ಪೊಟ್ಟಣ ತಂದು ಫ್ರಿಜ್ಜಿನ ಮೇಲೆಯೇ ಇಟ್ಟೆ. ಅವಳು ತಿಂದಳು. ಕಪಾಟಿನ ಮೇಲಿನ ನನ್ನ ವಿಶ್ವಾಸ ಮಾತ್ರ ಅಲುಗಲಿಲ್ಲ. ಬೆಕ್ಕು ಹೇಳಿದ್ದನ್ನು ಬೆಕ್ಕಿನ ವಿಷಯ ಎಂದೇ ತಿಳಿದೆ.

ಬೊಗ್ಗ ಬೀದಿಯಿಂದ ಬಂದವನು, ಏನು ಹಾಕಿದರೂ ತಿನ್ನುತ್ತಾನೆ. ಅವನ ಪೆಟ್ಟಿಗೆಯಲ್ಲಿ ನಡೆಯುತ್ತಿದ್ದದ್ದು ಗೊತ್ತಾಗದಿರಲು ಇದೂ ಒಂದು ಕಾರಣ. ದೊಡ್ಡ ಚೀಲಕ್ಕೆ ರಿಯಾಯಿತಿ ಇರುತ್ತದೆ, ಪೆಟ್ಟಿಗೆಯಲ್ಲಿ ಜಾಗವೂ ಇದೆ, ಹಾಗಾಗಿ 20 ಕಿಲೋದ್ದೇ ತರುತ್ತಿದ್ದೆ. ಅವನು ತಿನ್ನುವುದು ದಿನಕ್ಕೆ ಕಾಲು ಕಿಲೋ. ಅಂದರೆ ಒಂದು ಚೀಲ 80 ದಿನ. ತೆರೆದ ಚೀಲವನ್ನು ಒಂದು, ಒಂದೂವರೆ ತಿಂಗಳಲ್ಲಿ ಮುಗಿಸಬೇಕೆಂಬುದು ಸಾಮಾನ್ಯ ಸಲಹೆ. ನಾನು ಅದಕ್ಕೂ ಮುಂದೆ ಹೋಗಿದ್ದೆ: ಪೆಟ್ಟಿಗೆ ಮುಕ್ಕಾಲು ಖಾಲಿಯಾದಾಗ ಹಳೆಯದರ ಮೇಲೆಯೇ ಹೊಸದನ್ನು ಸುರಿಯುತ್ತಿದ್ದೆ. ತಳದ ಕಾಳು ಎಂದೂ ಮೇಲೆ ಬರುತ್ತಿರಲಿಲ್ಲ. ಒಂದು ಸಲ ತಳದವರೆಗೆ ಕೈ ಇಳಿಸಿದಾಗ ಬೆರಳಿಗೆ ಜಿಡ್ಡು ಮೆತ್ತಿತು, ಮೂಸಿದರೆ ಹಳೇ ಕೊಬ್ಬರಿ ಎಣ್ಣೆಯ ಹಾಗೆ ಕಮಟು. ಪ್ಲೈವುಡ್ ಆ ಜಿಡ್ಡನ್ನು ಕುಡಿದು ಕೂತಿತ್ತು, ತೊಳೆದರೂ ಹೋಗಲಿಲ್ಲ. ಕಂಪನಿಯ ಚೀಲದ ಒಳಪದರ ಇರುವುದೇ ಈ ಕೊಬ್ಬಿಗೆ ಗಾಳಿ, ಬೆಳಕು, ತೇವ ತಾಗದಿರಲಿ ಎಂದು. ಅದನ್ನು ನಾನು ತಂದ ದಿನವೇ ಕಸಕ್ಕೆ ಎಸೆಯುತ್ತಿದ್ದೆ. ಅದರ ಮೇಲಿನ ಬ್ಯಾಚ್ ನಂಬರು, ಕೊನೆಯ ದಿನಾಂಕ ಎಲ್ಲ ಅದರೊಂದಿಗೇ ಹೋಗುತ್ತಿತ್ತು. ನಾಯಿಗೆ ಹೊಟ್ಟೆ ಕೆಟ್ಟು ವೈದ್ಯರು ಯಾವ ಬ್ಯಾಚ್ ಎಂದು ಕೇಳಿದ್ದರೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಜೂನ್ ಬಂತು. ಬಾಗಿಲು ಬಿಗಿಯಾಯಿತು. ಉಬ್ಬಿದ ಅಂಚನ್ನು ಕೀಸುಳಿಯಿಂದ ತೆಳುವಾಗಿ ಕೀಸಿದೆ, ಬಾಗಿಲು ಸಲೀಸಾಗಿ ಮುಚ್ಚಿತು, ವಾರದೊಳಗೆ ಮತ್ತೆ ಕಚ್ಚಿಕೊಂಡಿತು. ಮತ್ತೆ ಕೀಸಿದೆ. ಹೀಗೆ ಕೀಸಿ ಕೀಸಿ ಅಂಚಿನ ಬಣ್ಣ ಪೂರ್ತಿ ಹೋಗಿ ಪದರಗಳ ತುದಿ ತೆರೆದುಕೊಂಡಿತು. ಪ್ಲೈವುಡ್ ನೀರು ಹೀರುವುದು ಮುಖಕ್ಕಿಂತ ಹೆಚ್ಚಾಗಿ ಅಂಚಿನಿಂದ. ಕೆಳತುದಿಯಲ್ಲಿ ಮೇಲ್ಪದರ ಬಿಟ್ಟು ಸುರುಳಿಯಾಗತೊಡಗಿತು. ಬೇರೆ ಮರಗೆಲಸಕ್ಕೆ ಬಂದ ಆಚಾರ್ರನ್ನು ಕರೆದು ತೋರಿಸಿದೆ. ಅವರು ಬಾಗಿಲನ್ನು ಮುಟ್ಟಲೇ ಇಲ್ಲ, ಕಪಾಟಿನ ಹಿಂದೆ ಕೈತೂರಿಸಿ ಗೋಡೆ ಮುಟ್ಟಿದರು. "ಮೂಲೆ ಎಲ್ಲ ಸಮ ಉಂಟು ಅಕ್ಕ, ಕೆಲಸ ಚಂದ ಮಾಡಿದ್ದೀರಿ. ಆದ್ರೆ ಎಂತಕ್ಕೆ ಇದನ್ನು ತೆಂಕುಪಡುವಣ ಗೋಡೆಗೆ ಒತ್ತಿ ಇಟ್ಟದ್ದು? ಮಳೆ ಹೊಡೆಯುದೇ ಆ ಕಡೆಯಿಂದ ಅಲ್ವಾ?" ಕಾಲು ಕೂಡ ಕೊಟ್ಟಿರಲಿಲ್ಲ ನಾನು, ನೆಲಕ್ಕೆ ಕೂತರೆ ಗಟ್ಟಿ ಕಾಣುತ್ತದೆ ಎಂದು. ಹಿಂಬದಿಯ 6 ಮಿ.ಮೀ. ಹಲಗೆ ಗೋಡೆಯ ತೇವಕ್ಕೆ ಕಪ್ಪಾಗಿ ಹೋಗಿತ್ತು.

ಅಷ್ಟರಲ್ಲಿ ಇನ್ನೊಂದು ಬುದ್ಧಿವಂತಿಕೆ ಮಾಡಿ ಮುಗಿಸಿದ್ದೆ. ಮಳೆಗಾಲದಲ್ಲಿ ಕ್ಯಾಮೆರಾ, ಕಾಗದಪತ್ರ ಇಡುವ ಬೀರುವಿನಲ್ಲಿ ಹಳೇ ತಂತಿಯ ಬಲ್ಬು ಉರಿಸಿಡುವ ಕ್ರಮ ನಮ್ಮಲ್ಲಿ ಕೆಲವರದು. ಅದನ್ನೇ ಇಲ್ಲಿಗೂ ತಂದೆ. ಹಿಂದಿನ ಹಲಗೆಗೆ ತೂತು ಕೊರೆದು ವೈರು ಎಳೆದು ಪೆಟ್ಟಿಗೆಯ ಮೇಲ್ಭಾಗದಲ್ಲಿ ಬಲ್ಬು ಹಾಕಿದೆ. ಕಾಗದಕ್ಕೆ ಹಿತವಾದ ಬಿಸಿ ಕೊಬ್ಬಿಗೆ ಹಿತವಲ್ಲ, ಕಮಟು ಇನ್ನಷ್ಟು ಬೇಗ ಹತ್ತಿತು. ವೈರಿಗೆಂದು ಕೊರೆದ ತೂತು ಹೆಬ್ಬೆರಳು ಹೋಗುವಷ್ಟಿತ್ತು. ಚಿಟ್ಟಿಲಿಗೆ 6 ಮಿ.ಮೀ. ಸಂದು ಸಿಕ್ಕರೂ ಸಾಕು, ನುಸುಳಿ ಬರುತ್ತದೆ. ಒಂದು ಬೆಳಿಗ್ಗೆ ಪೆಟ್ಟಿಗೆ ವಾಲಿಸಿದರೆ ಕಾಳಿನ ನಡುವೆ ಹಿಕ್ಕೆ. ಮನೆಯಲ್ಲಿ ಬೆಕ್ಕು ಇದ್ದೂ ಇಲಿಗೆ ಊಟ ಹಾಕಿದ ಹಾಗಾಯಿತು! ನಗುವ ವಿಷಯವಂತೂ ಅಲ್ಲ. ಪ್ರತಿ ಮಳೆಗಾಲದಲ್ಲೂ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗದಲ್ಲಿ ಇಲಿಜ್ವರ ಕಾಣಿಸಿಕೊಳ್ಳುತ್ತದೆ. ಇಲಿಯ ಉಚ್ಚೆಯಿಂದ ಹರಡುವ ಅದು ನಾಯಿಗೂ ಬರುತ್ತದೆ, ಬಟ್ಟಲು ತೊಳೆಯುವ ನಮಗೂ ಬರುತ್ತದೆ.

ಉಳಿದ ಕಾಳಿನ ಅಂಚಿನಲ್ಲಿ ಬೂದಿಯಂಥ ಪುಡಿ ಕಂಡಿತು. ಅತ್ತೆಯ ಭೂತಗನ್ನಡಿ ಹಿಡಿದು ನೋಡಿದಾಗ ಪುಡಿ ಹರಿದಾಡುತ್ತಿತ್ತು. ಧಾನ್ಯದ ನುಸಿ ಅದು, ರವೆ ಹಿಟ್ಟುಗಳಿಗೆ ಬರುವ ಪೈಕಿಯದೇ. ತೇವ ಏರಿದರೆ ಅದರ ಸಂತಾನ ಏರುತ್ತದೆ, ಕೆಲವು ನಾಯಿಗಳಿಗೆ ಅದರಿಂದ ಮೈ ತುರಿಕೆಯೂ ಬರುತ್ತದೆ. ಅಲ್ಲಲ್ಲಿ ಬೂಷ್ಟಿನ ಎಳೆಯೂ ಇತ್ತು. ಮಳೆ ಸ್ವಲ್ಪ ಬಿಟ್ಟ ದಿನ ಅಂಗಳದಲ್ಲಿ ತಟ್ಟು ಹಾಸಿ ಎಲ್ಲವನ್ನೂ ಹರವಿದೆ. ಅಡಿಕೆ ಬೆಳೆಯುವವರ ಕೈಗೆ ಬೂಷ್ಟು ಕಂಡರೆ ಬಿಸಿಲೇ ಮದ್ದು. ವೈದ್ಯರು ಎಲ್ಲವನ್ನೂ ಹೂಳಲು ಹೇಳಿದರು. ಆಸ್ಪರ್ಜಿಲಸ್ ಜಾತಿಯ ಬೂಷ್ಟು ಬಿಡುವ ಅಫ್ಲಟಾಕ್ಸಿನ್ ವಿಷ ಒಣಗಿಸಿದರೆ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ನಾಯಿಯ ಪಿತ್ತಜನಕಾಂಗ ಅದನ್ನು ತಾಳುವುದಿಲ್ಲ. 2020ರ ಕೊನೆ, 2021ರ ಮೊದಲಲ್ಲಿ ಅಮೆರಿಕದಲ್ಲಿ ಈ ವಿಷ ಸೇರಿದ ಆಹಾರದಿಂದ 70ಕ್ಕೂ ಹೆಚ್ಚು ನಾಯಿಗಳು ಸತ್ತವೆಂದು ವರದಿಯಾಗಿ, ಮಾರಾಟಕ್ಕೆ ಹೋದ ಚೀಲಗಳನ್ನು ವಾಪಸು ತರಿಸಿದ್ದರು. ಅಲ್ಲಿನವರು ಆಗ ಚೀಲದ ಬ್ಯಾಚ್ ನಂಬರು ನೋಡಿಯೇ ತಮ್ಮ ಮನೆಯದ್ದು ಯಾವುದೆಂದು ತಿಳಿದದ್ದು.

ಕಪಾಟು ಖಾಲಿ ಮಾಡುವಾಗ ಮೇಲಿನ ಹಲಗೆಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಉಣ್ಣಿ ದ್ರಾವಣದ ಬಾಟಲಿಯ ಮುಚ್ಚಳ ಸಡಿಲವಾಗಿತ್ತು. ಹಲಗೆಯ ಸಂದಿನಿಂದ ಒಂದು ಕಂದು ಗೆರೆ ಇಳಿದು ಬಂದು, ಚಿಂಟಿಯ ಪೆಟ್ಟಿಗೆಯ ಮುಚ್ಚಳದ ಮೇಲೆ ರೂಪಾಯಿಯಗಲದ ಕಲೆಯಾಗಿ ನಿಂತಿತ್ತು. ನಾಯಿಗೆಂದು ಮಾರುವ ಕೆಲವು ಉಣ್ಣಿ ಔಷಧಗಳಲ್ಲಿ ಪರ್ಮೆತ್ರಿನ್ ಇರುತ್ತದೆ. ನಾಯಿಗೆ ಅದು ಸಹ್ಯ, ಬೆಕ್ಕಿನ ದೇಹ ಅದನ್ನು ಕರಗಿಸಲಾರದು, ನಡುಕ ಸೆಳೆತ ಬಂದು ಸಾಯಬಹುದು. ಚಿಂಟಿಯ ಆಹಾರ ಅಷ್ಟೊತ್ತಿಗೆ ಫ್ರಿಜ್ಜಿನ ಮೇಲಕ್ಕೆ ಹೋಗಿತ್ತು, ಪೆಟ್ಟಿಗೆ ಖಾಲಿಯಿತ್ತು. ಅವಳು ಮೊದಲೇ ಹಟ ಮಾಡಿ ಊಟ ಬಿಡದಿದ್ದರೆ ಖಾಲಿ ಇರುತ್ತಿರಲಿಲ್ಲ. ನನ್ನ ಕೆಲಸದಲ್ಲಿ ಇನ್ನುಳಿದದ್ದಕ್ಕೆಲ್ಲ ನಕ್ಕುಬಿಡಬಲ್ಲೆ, ಈ ಕಲೆಗೆ ನಗಲು ನನಗೆ ಇನ್ನೂ ಆಗಿಲ್ಲ.

ಅತ್ತೆ ಇಷ್ಟು ದಿನ ಸುಮ್ಮನಿದ್ದವರು ಅಂದು ಕೇಳಿದರು: "ಅಲ್ಲ ಮಾರಾಯ್ತಿ, ನಮ್ಮ ಅಕ್ಕಿಯನ್ನು ನೀನು ಹೀಗೆ ಇಡ್ತಿದ್ದೆಯಾ?" ಅಟ್ಟದ ಕೆಳಗೆ ಅವರ ಅತ್ತೆಯ ಕಾಲದ ಹಲಸಿನ ಮರದ ಪತ್ತಾಯ, ಧಾನ್ಯ ತುಂಬುವ ಪೆಟ್ಟಿಗೆ, ಇನ್ನೂ ಇದೆ. ದಿನಾ ಅದರ ಪಕ್ಕದಲ್ಲೇ ಓಡಾಡುತ್ತೇನೆ. ಗೇಣೆತ್ತರದ ಕಾಲು, ಅಡಿಯಲ್ಲಿ ಗಾಳಿ ಆಡುತ್ತದೆ. ನಡುಗೋಡೆಯಿಂದಲೂ ಒಂದು ಮೊಳ ದೂರ. ಮೇಲಿನಿಂದ ತೆರೆಯುವ ಒಂದೇ ಮುಚ್ಚಳ, ಹಿಂದೆ ಮುಂದೆ ಎಲ್ಲೂ ತೂತಿಲ್ಲ. ಹೊಸ ಬೆಳೆ ಬರುವ ಮುಂಚೆ ಹಳೆಯದನ್ನು ಪೂರ್ತಿ ತೆಗೆದು, ಗುಡಿಸಿ ಒರೆಸಿ, ಬರಿದಾಗಿ ಒಣಗಲು ಬಿಡುತ್ತಿದ್ದರಂತೆ. ಬಣ್ಣ ಬಳಿದದ್ದಿಲ್ಲ.

ಈಗ ಬೊಗ್ಗನದ್ದು ಬಿಗಿ ಮುಚ್ಚಳದ ಸ್ಟೀಲ್ ಡ್ರಮ್ಮು. ಚೀಲವನ್ನು ಚೀಲವಾಗಿಯೇ ಅದರೊಳಗಿಳಿಸಿ, ಬಾಯಿ ಮಡಚಿ ಕ್ಲಿಪ್ಪು ಹಾಕುತ್ತೇನೆ. ರಿಯಾಯಿತಿ ಬಿಟ್ಟು ಸಣ್ಣ ಚೀಲ ತರುತ್ತೇನೆ, ಒಂದು ಮುಗಿದು ಡ್ರಮ್ಮು ತೊಳೆದು ಒರೆಸಿದ ಮೇಲೆಯೇ ಇನ್ನೊಂದು. ಡ್ರಮ್ಮಿನ ಅಡಿಗೆ ಆಚಾರ್ರು ಮಾಡಿಕೊಟ್ಟ ನಾಲ್ಕು ಕಾಲಿನ ಸ್ಟ್ಯಾಂಡು, ಇರುವೆ ಕಾಲದಲ್ಲಿ ಕಾಲುಗಳ ಕೆಳಗೆ ನೀರಿನ ಬಟ್ಟಲು. ಹಸಿರು ಕಪಾಟನ್ನು ಗೋಡೆಯಿಂದ ಸರಿಸಿ, ಹಿಂಬದಿ ಬದಲಿಸಿ, ಇಟ್ಟಿಗೆಯ ಮೇಲೆ ನಿಲ್ಲಿಸಿದ್ದೇವೆ. ಸರಪಳಿ, ಟವೆಲು, ಬಾಚಣಿಗೆಗೆ ಅದು ಬೇಕಾದಷ್ಟಾಯಿತು. ಔಷಧಗಳಿಗೆ ಬೀಗವಿರುವ ಬೇರೆ ಡಬ್ಬ, ಬೇರೆ ಕೋಣೆ.

ನೀವು ಇಂಥದೊಂದು ಕಪಾಟು ಮಾಡುತ್ತೀರೋ ಬಿಡುತ್ತೀರೋ, ಮನೆಯಲ್ಲಿ ನಾಯಿ ಬೆಕ್ಕು ಎರಡೂ ಇದ್ದರೆ ನಾಯಿಯ ಉಣ್ಣಿ ಔಷಧ ಎಲ್ಲಿದೆ ಎಂದು ಇವತ್ತೇ ಎದ್ದು ನೋಡಿ. ಬೆಕ್ಕಿನ ಆಹಾರದ ಮೇಲೆಯೋ ಪಕ್ಕದಲ್ಲೋ ಇದ್ದರೆ ತೆಗೆದು ಬೇರೆ ಕಡೆ ಇಡಿ.